ಡಬ್ಬದ ಕಿಟಕಿ

ಮಾರ್ಚ್ ೪

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸಿತು. ಉಳಿದರ್ಧವನ್ನು ನಿನ್ನ ಅಣ್ಣ ನನ್ನ ಕಿವಿಯಲ್ಲಿ ಕೂಗಿ ಹೇಳಿದ. ಪಕ್ಕದ ಮನೆಯವರಿಗೂ ಎಲ್ಲ ತಿಳಿಯಿತು. ಇನ್ನು ಮೇಲೆ ಕಾಗದವೇ ವಾಸಿ. ಹಲ್ಲು ಕೊರೆಯುವ ಯಂತ್ರವನ್ನು ನಲವತ್ತು ವರ್ಷ ಕಿವಿಯ ಪಕ್ಕದಲ್ಲಿಟ್ಟುಕೊಂಡವನಿಗೆ ಕಿವಿ ಇಷ್ಟಾದರೂ ಉಳಿದಿರುವುದೇ ಹೆಚ್ಚು.

ಮಂಡಿ ಪರವಾಗಿಲ್ಲ. ನಿನ್ನ ಅಣ್ಣನ ಮನೆಗೆ ಹನ್ನೊಂದು ಮೆಟ್ಟಿಲು. ದಿನಕ್ಕೆ ಎರಡು ಸಲ ಹತ್ತಿ ಇಳಿಯುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕ್ಲಿನಿಕ್ಕನ್ನು, ಸರಿ, ನಿನ್ನ ಕ್ಲಿನಿಕ್ಕನ್ನು ಏನು ಮಾಡಲು ಹೊರಟಿದ್ದೀಯ? ದೀಪದ ಹಿಡಿಗೆ ಪ್ಲಾಸ್ಟಿಕ್ ಹೊದಿಕೆ, ಕುರ್ಚಿಯ ತಲೆಗೆ ಪ್ಲಾಸ್ಟಿಕ್ ಹೊದಿಕೆ, ಅದೂ ಒಬ್ಬೊಬ್ಬ ರೋಗಿಗೆ ಒಂದೊಂದು ಹೊಸದು. ಮಳೆ ಬರುವುದು ಕ್ಲಿನಿಕ್ಕಿನ ಒಳಗೋ ಹೊರಗೋ? ಮೇಜಿಗೆ ಔಷಧ ಹಚ್ಚಿದ ಮೇಲೆ ಎರಡು ನಿಮಿಷ ಒದ್ದೆಯಾಗಿಯೇ ಬಿಡಬೇಕು ಎಂದು ಗೋಡೆಗೆ ಗಡಿಯಾರ ಬೇರೆ ತೂಗುಹಾಕಿದ್ದೀಯಂತೆ. ಆ ಎರಡು ನಿಮಿಷ ಇಕ್ಕಳಮ್ಮ ಕೈಕಟ್ಟಿ ನಿಲ್ಲುತ್ತಾಳೆ ಎಂದುಕೊಂಡಿದ್ದರೆ ನಿನಗೆ ಅವಳ ಪರಿಚಯವೇ ಇಲ್ಲ. ನೀನು ಹುಟ್ಟುವ ಮೊದಲಿನಿಂದ ಅಲ್ಲಿ ಸಾಮಾನು ತೊಳೆದು ಕುದಿಸಿದವಳು ಅವಳು. ಕುದಿಯುವ ನೀರಿನಿಂದ ಉಪಕರಣ ಎತ್ತುವ ಇಕ್ಕಳ ಅವಳ ಕೈಯಿಂದ ಇಳಿದದ್ದನ್ನು ಕಂಡವರಿಲ್ಲ. ಆ ಹೆಸರಿಟ್ಟವಳು ನೀನೇ, ನಾಲ್ಕನೆಯ ವಯಸ್ಸಿನಲ್ಲಿ.

ನನ್ನ ಕುದಿಸುವ ಪೆಟ್ಟಿಗೆ ಸಾಲದೆಂದು ಹೊಸ ವರ್ಷಕ್ಕೆ ನೀನು ಆವಿಯಿಂದ ಶುದ್ಧ ಮಾಡುವ ಆಟೋಕ್ಲೇವ್ ತಂದೆ. ತಂದೆ ಬಿಡು. ಈಗ ಅದು ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅಂಚೆಯಲ್ಲಿ ಜೀವಾಣು ತರಿಸುತ್ತಿದ್ದೀಯಂತೆ! ಇಲಿ ಹಿಡಿಯುವ ಬೋನು ಗಟ್ಟಿಯೋ ಎಂದು ನೋಡಲು ಇಲಿ ಸಾಕಿದ ಹಾಗೆ.

ಗೋಡೆಯ ಮೇಲೆ ನಾನು ಬರೆದು ಅಂಟಿಸಿದ ಏಳು ಚೀಟಿಗಳಿವೆ. ಅಷ್ಟು ಪಾಲಿಸಿದರೆ ಸಾಕು. ನಲವತ್ತು ವರ್ಷದಲ್ಲಿ ನನ್ನ ಕ್ಲಿನಿಕ್ಕಿನಿಂದ ಯಾರಿಗೂ ಒಂದು ನೆಗಡಿ ಕೂಡ ಬಂದಿಲ್ಲ.

ಇಂತಿ,
ಇನ್ನೂ ಹಲ್ಲು ಗಟ್ಟಿಯಿರುವ ನಿನ್ನ ಅಪ್ಪ


ಮಾರ್ಚ್ ೧೫

ಅಪ್ಪಾ,

ದಿನಕ್ಕೆ ಎರಡು ಸಲ ಮೆಟ್ಟಿಲು ಇಳಿಯುತ್ತೀರೆಂದು ಓದಿ ಸಂತೋಷವಾಯಿತು. ವಾರಕ್ಕೆ ಎರಡು ಸಲವೂ ಇಲ್ಲ ಎನ್ನುತ್ತಾನೆ ಅಣ್ಣ.

ನಿಮ್ಮ ತಮಾಷೆಗೆ ನಗುವ ಸ್ಥಿತಿಯಲ್ಲಿ ನಾನಿಲ್ಲ. ನೀವು ಹಂಗಿಸಿದ ಆ ಜೀವಾಣುವಿನ ಸಂಗತಿ ಕೇಳಿ. ಬಿಸಿಗೆ ಸುಲಭವಾಗಿ ಸಾಯದ ಒಂದು ಮೊಂಡು ಜೀವಾಣುವನ್ನು ಸಣ್ಣ ಕಾಗದದ ಪಟ್ಟಿಗೆ ಹಚ್ಚಿರುತ್ತಾರೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ಆ ಪಟ್ಟಿಯನ್ನು ಉಪಕರಣಗಳ ನಡುವೆ ಇಟ್ಟು ಯಂತ್ರ ಓಡಿಸಿ, ಆಮೇಲೆ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಏನೂ ಬೆಳೆಯದಿದ್ದರೆ ಪಾಸು.

ಬೆಳೆದಿದೆ. ನಿನ್ನೆ ವರದಿ ಬಂತು.

ಉಪಕರಣಗಳನ್ನು ಡಬ್ಬದಲ್ಲಿ ತುಂಬಿ ಯಂತ್ರದೊಳಗೆ ಇಡುವ ಇಕ್ಕಳಮ್ಮನನ್ನು ಕೇಳಿದೆ.

"ಡಬ್ಬಕ್ಕೆ ಅಂಟಿಸಿದ ಟೇಪು ಕಪ್ಪಾಗಿತ್ತಾ?"

"ಕಾಗೆ ಹಾಗೆ ಕಪ್ಪಾಗಿತ್ತು."

"ಡಬ್ಬದ ತುಂಬಾ ಸಾಮಾನು ತುರುಕಿದ್ಯಾ?"

"ನಿಮ್ಮಪ್ಪನ ಕಾಲದಿಂದ ಹೇಗೆ ತುಂಬ್ತಿದ್ನೋ ಹಾಗೇ. ನೀನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗಿಂದ ತುಂಬ್ತಿದ್ದೀನಿ, ಈಗ ನಂಗೆ ಡಬ್ಬ ತುಂಬೋದು ಹೇಳ್ಕೊಡ್ತೀಯಾ?"

ಟೇಪು ಕಪ್ಪಾಗುವುದು ಡಬ್ಬದ ಹೊರಗೆ ಆವಿ ತಗುಲಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಒಳಗಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಇದು ಗೊತ್ತಿದ್ದೂ ನಾನು ಟೇಪು ನೋಡಿಕೊಂಡು ಜನವರಿಯಿಂದ ಸುಮ್ಮನಿದ್ದೆ. ಮೊದಲ ದಿನವೇ ಮಾಡಿಸಬೇಕಾಗಿದ್ದ ಪರೀಕ್ಷೆ ಇದು. ಪಟ್ಟಿ ಬರುವುದು ತಡವಾಯಿತು, ನಾನೂ ಬೆನ್ನು ಹತ್ತಲಿಲ್ಲ.

ಯಂತ್ರ ಹೊಸದು. ಒಳಗಿಡುವ ಸ್ಟೀಲ್ ಡಬ್ಬಗಳು ನಿಮ್ಮವೇ. ಅಳತೆಗೆ ಸರಿಯಾಗಿ ಕೂರುತ್ತವೆ, ಬಿಸಾಡಲು ಮನಸ್ಸಾಗಲಿಲ್ಲ. ಇನ್ನೊಂದು ಪಟ್ಟಿ ಇಟ್ಟು ಕಳಿಸಿದ್ದೇನೆ. ಅಲ್ಲಿಯವರೆಗೆ ನಮ್ಮ ಸಾಮಾನೆಲ್ಲ ದೊಡ್ಡ ಆಸ್ಪತ್ರೆಯ ಯಂತ್ರದಲ್ಲಿ ಶುದ್ಧವಾಗಿ ಬರುತ್ತಿದೆ. ದಿನಕ್ಕೆ ಎರಡು ಸಲ ಚೀಲ ಹೊತ್ತು ಓಡುತ್ತಿದ್ದೇನೆ. ನಿಮ್ಮ ಮೆಟ್ಟಿಲಿನ ಲೆಕ್ಕಕ್ಕಿಂತ ಇದು ನಿಜವಾದ ಲೆಕ್ಕ.

ನಿಮ್ಮ ಮಗಳು


ಮಾರ್ಚ್ ೨೪

ಮಗಳೇ,

ಪರೀಕ್ಷೆಯೇ ತಪ್ಪಿರಬೇಕು. ಪ್ರಯೋಗಾಲಯದಲ್ಲಿ ಕೈ ತೊಳೆಯದ ಯಾರೋ ಮುಟ್ಟಿರುತ್ತಾರೆ. ಅಂಚೆಯಲ್ಲಿ ಹೋದ ಕಾಗದದ ಚೂರನ್ನು ನಂಬಿ, ಮೂವತ್ತು ವರ್ಷ ಕೈಯಾರೆ ಕೆಲಸ ಮಾಡಿದವಳನ್ನು ಕಟಕಟೆಗೆ ನಿಲ್ಲಿಸಿದೆಯಲ್ಲ!

ಇಕ್ಕಳಮ್ಮನಿಗೆ ನಾನು ಒಂದು ಕೆಲಸವನ್ನು ಎರಡನೆಯ ಸಲ ಹೇಳಿದ ನೆನಪಿಲ್ಲ. ಚೀಟಿಯಲ್ಲಿ ಬರೆದರೆ ಮುಗಿಯಿತು. ರಸ್ತೆ ಅಗೆದ ವರ್ಷ ಊರೆಲ್ಲ ಕೆಂಪು ಧೂಳು. ನಮ್ಮ ಸಾಮಾನಿನ ಮೇಲೆ ಮಾತ್ರ ಒಂದು ಕಣ ಕೂರಲಿಲ್ಲ. ಅದು ಅವಳ ಕೆಲಸ.

ಈ ವಿಷಯ ಯಾರಿಗೂ ಹೇಳಬೇಡ. ಎರಡನೆಯ ವರದಿ ಸರಿಯಾಗಿಯೇ ಬರುತ್ತದೆ.

ಅಪ್ಪ


ಏಪ್ರಿಲ್ ೬

ಅಪ್ಪಾ,

ಎರಡನೆಯದೂ ನಪಾಸು. ಮೂರನೆಯದೂ.

ಕ್ಲಿನಿಕ್ಕು ಮೂರು ದಿನ ಮುಚ್ಚಿದ್ದೆ. ಯಂತ್ರದ ಮೆಕ್ಯಾನಿಕ್ ಬಂದು ಬಾಗಿಲ ರಬ್ಬರು ಬದಲಾಯಿಸಿದ, ಕೊಳವೆಗಳನ್ನು ಬಿಚ್ಚಿ ಊದಿ ಕೂಡಿಸಿದ, ಖಾಲಿ ಯಂತ್ರದೊಳಗೆ ಬರಿಯ ಪಟ್ಟಿ ಇಟ್ಟು ಓಡಿಸಿದ. ಪಾಸು. ನಿಮ್ಮ ಡಬ್ಬದೊಳಗೆ ಪಟ್ಟಿ ಇಟ್ಟರೆ ಮಾತ್ರ ನಪಾಸು. ಎರಡೂ ವರದಿ ಬಂದ ದಿನ ಅವನು ಕೈ ಒರೆಸಿಕೊಳ್ಳುತ್ತಾ, "ಮೇಡಂ, ಮಿಷನ್ ಚಿನ್ನ. ನೀವು ಅದಕ್ಕೆ ಏನು ತಿನ್ನಿಸ್ತೀರೋ ಅದು ನಂಗೊತ್ತಿಲ್ಲ" ಎಂದು ಹೊರಟುಹೋದ.

ಇನ್ನೇನು ಉಳಿಯಿತು? ತುರುಕಿ ತುಂಬುವುದೇ ಕಾರಣ ಎಂದು ತೀರ್ಮಾನಿಸಿದೆ. ಡಬ್ಬಗಳನ್ನು ಅಟ್ಟಕ್ಕೆ ಹಾಕಿ, ಒಂದೊಂದು ಉಪಕರಣವನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡುತ್ತಿದ್ದೇನೆ. ಎರಡು ವರದಿ ಬಂದಿವೆ, ಎರಡೂ ಪಾಸು. ಇಕ್ಕಳಮ್ಮನನ್ನು ತೊಳೆಯುವ ಕೋಣೆಯಿಂದ ತೆಗೆದು, ರೋಗಿಗಳ ಹೆಸರು ಬರೆದುಕೊಳ್ಳುವ ಮುಂದಿನ ಮೇಜಿಗೆ ಕೂರಿಸಿದ್ದೇನೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೋಗಿಗಳ ಜೊತೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಿನ್ನೆ ಒಬ್ಬರನ್ನು ಎಲ್ಲರ ಮುಂದೆ ಕೇಳುತ್ತಿದ್ದಳು: "ಹಲ್ಲು ಕೀಳಿಸ್ಲೇಬೇಕಾ? ಉಪ್ಪುನೀರಲ್ಲಿ ಮುಕ್ಕಳಿಸಿ ನೋಡಿದ್ರಾ?" ಅವರು ಎದ್ದು ಹೋದರು.

ನಿಜವಾದ ತಲೆನೋವು ಇದಲ್ಲ. ಯಂತ್ರ ಬಂದ ಜನವರಿ ಎರಡರಿಂದ ಮಾರ್ಚ್ ಹದಿನಾಲ್ಕರವರೆಗೆ, ಹತ್ತು ವಾರ, ಹಲ್ಲು ಕೀಳಿಸಿಕೊಂಡವರು, ವಸಡು ಕೊಯ್ಯಿಸಿಕೊಂಡವರು, ಅಂದರೆ ಬಾಯಲ್ಲಿ ರಕ್ತ ಬಂದವರು ಒಟ್ಟು ನೂರಹನ್ನೆರಡು ಜನ. ದೊಡ್ಡ ಆಸ್ಪತ್ರೆಯಲ್ಲಿ ಸೋಂಕು ನೋಡುವ ಡಾಕ್ಟರನ್ನು ಕೇಳಿದೆ. "ಅಪಾಯ ತೀರಾ ಕಡಿಮೆ. ಆದ್ರೆ ಸೊನ್ನೆ ಅಂತ ಬರೆದುಕೊಡೋಕೆ ನನ್ನ ಕೈಲಿ ಆಗಲ್ಲ. ಅವರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ" ಅಂದರು. ಕಾಮಾಲೆ ತರುವ ವೈರಸ್ಸು ಒಣಗಿದ ರಕ್ತದಲ್ಲೂ ಒಂದು ವಾರ ಕೂತಿರುತ್ತದೆ ಎಂಬುದು ನಿಮಗೂ ಗೊತ್ತು.

ಬೋರ್ಡಿನಲ್ಲಿ ನಿಮ್ಮ ಹೆಸರು ಇನ್ನೂ ನನ್ನ ಹೆಸರಿನ ಮೇಲೇ ಇದೆ. ಅದಕ್ಕೆ ಕೇಳುತ್ತಿದ್ದೇನೆ. ಹೇಳಲೇ?

ನಿಮ್ಮ ಮಗಳು


ಏಪ್ರಿಲ್ ೧೧

ಬೇಡ.

ನೀನು "ಅಪಾಯ ತೀರಾ ಕಡಿಮೆ" ಅನ್ನುತ್ತೀಯ, ಅವರಿಗೆ ಕೇಳಿಸುವುದು "ಅಪಾಯ" ಒಂದೇ. ಮರುದಿನ ನಿನ್ನ ಕುರ್ಚಿಯಲ್ಲಿ ನೊಣ ಕೂಡ ಕೂರುವುದಿಲ್ಲ. ಈಗ ಪಾಸಾಗಿದೆಯಲ್ಲ, ಅಷ್ಟಕ್ಕೆ ಬಿಡು. ನನ್ನ ಹೆಸರು ಬೋರ್ಡಿನ ಮೇಲಿದೆ ಎಂದು ನೀನೇ ಬರೆದಿದ್ದೀಯ. ಇರುವವರೆಗೆ ನನ್ನ ಮಾತು ಕೇಳು.

ಇಕ್ಕಳಮ್ಮನನ್ನು ಒಳಗೆ ಕರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆಯಲ್ಲ, ನಾಚಿಕೆಯಾಗಬೇಕು.

ಅಪ್ಪ


ಏಪ್ರಿಲ್ ೧೯

ದೊಡ್ಡ ಡಾಕ್ಟ್ರಿಗೆ,

ನಂಗೆ ಕಾಗದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ರೆ ಅಲ್ಲೇ ಬೈಕೊಳ್ಳಿ, ಇಲ್ಲಿ ಬೈಸ್ಕೊಂಡು ಸಾಕಾಗಿದೆ. ವಿಳಾಸ ನಿಮ್ಮ ಮಗನ ಹತ್ರ ಫೋನಲ್ಲಿ ಕೇಳಿ ತಗೊಂಡೆ. ಸಣ್ಣ ಡಾಕ್ಟ್ರಿಗೆ ಗೊತ್ತಿಲ್ಲ.

ನನ್ನ ಮುಂದಿನ ಮೇಜಿಗೆ ಹಾಕಿದ್ದಾರೆ. ಕೂತು ಕೂತು ಸೊಂಟ ಹಿಡ್ಕೊಂಡಿದೆ. ಬರೋರೆಲ್ಲ, ಯಾಕೆ ಇಕ್ಕಳಮ್ಮ, ಪ್ರಮೋಷನ್ನಾ ಅಂತ ಕೇಳ್ತಾರೆ. ಏನು ಹೇಳ್ಲಿ? ಸಾಮಾನು ಶುದ್ಧ ಆಗ್ತಿರ್ಲಿಲ್ಲ, ಅದಕ್ಕೆ ನನ್ನ ಹೊರಗೆ ಹಾಕಿದ್ರು ಅನ್ಲಾ?

ಡಾಕ್ಟ್ರೇ, ನೀವು ಗೋಡೆಗೆ ಅಂಟಿಸಿದ ಏಳು ಚೀಟಿ ನಂಗೆ ಬಾಯಿಪಾಠ. ಹೊಸ ಮಿಷನ್ ಬಂದ್ಮೇಲೂ ಒಂದನ್ನೂ ಮೀರಿಲ್ಲ. ನಾಲ್ಕನೇ ಚೀಟಿ ನೆನಪಿದೆಯಾ? ರಸ್ತೆ ಅಗೆದಾಗ ಬರೆದಿದ್ದು. "ಡಬ್ಬದ ಕಿಟಕಿ ಸದಾ ಮುಚ್ಚಿರಬೇಕು." ಡಬ್ಬದ ಸುತ್ತ ಇರೋ ತೂತುಗಳ ಮೇಲೆ ಆ ಸ್ಟೀಲ್ ಪಟ್ಟಿ ಎಳೆದು, ಗಟ್ಟಿಯಾಗಿ ಮುಚ್ಚಿ, ಆಮೇಲೇ ಮಿಷನ್ ಒಳಗೆ ಇಡ್ತಿದ್ದೆ. ಒಂದು ದಿನಾನೂ ಕಿಟಕಿ ಬಿಟ್ಟಿಲ್ಲ. ಸಾಮಾನು ತುರುಕಿದೆ ಅಂತಾರೆ, ತುರುಕಿದ್ರೆ ಮುಚ್ಚಳ ಕೂರುತ್ತಾ?

ಫೆಬ್ರವರೀಲಿ ನನ್ನ ದವಡೆ ಹಲ್ಲು ಕೀಳಿಸ್ಕೊಂಡೆ. ಸಣ್ಣ ಡಾಕ್ಟ್ರೇ ಕಿತ್ತಿದ್ದು, ನೋವೇ ಆಗ್ಲಿಲ್ಲ, ಕೈ ನಿಮ್ಮದೇ. ಸಾಮಾನು ತೊಳ್ದು ತುಂಬಿಟ್ಟಿದ್ದು ನಾನೇ. ಶುದ್ಧ ಇಲ್ಲ ಅಂತಿದ್ರೆ ನಾನು ಬಾಯಿ ತೆಗೀತಿದ್ನಾ?

ಇಕ್ಕಳಮ್ಮಂದು ತಪ್ಪಿಲ್ಲ ಅಂತ ನೀವು ಒಂದು ಮಾತು ಬರೆದ್ರೆ ಅವರು ಕೇಳ್ತಾರೆ. ಮಂಡಿ ಜೋಪಾನ.

ನಿಮ್ಮ ಇಕ್ಕಳಮ್ಮ


ಮೇ ೧೭

ಮಗಳೇ,

ಇದರ ಜೊತೆ ಇಕ್ಕಳಮ್ಮನ ಕಾಗದ ಇಟ್ಟಿದ್ದೇನೆ. ಮೊದಲು ಅದನ್ನು ಓದು. ಆಮೇಲೆ ಅಟ್ಟ ಹತ್ತಿ ಒಂದು ಡಬ್ಬ ಇಳಿಸಿ, ಅದರ ಪಕ್ಕೆಯ ಪಟ್ಟಿಯನ್ನು ಸರಿಸಿ ನೋಡು.

ಆ ತೂತುಗಳಿರುವುದು ಆವಿ ಒಳಗೆ ಹೋಗಲು. ಯಂತ್ರದೊಳಗೆ ಇಡುವಾಗ ತೆರೆದಿರಬೇಕು, ಹೊರಗೆ ತೆಗೆದ ಕೂಡಲೇ ಮುಚ್ಚಬೇಕು. ನನ್ನ ಕಾಲದಲ್ಲಿ ಡಬ್ಬ ಬೆಂಕಿಯ ಹತ್ತಿರ ಹೋದದ್ದೇ ಇಲ್ಲ. ಕುದಿಸುವುದು ಪೆಟ್ಟಿಗೆಯಲ್ಲಿ, ಡಬ್ಬ ಇದ್ದದ್ದು ಎತ್ತಿಡಲು ಮಾತ್ರ. ಅದಕ್ಕೇ ಸದಾ ಮುಚ್ಚಿರಬೇಕು ಎಂದು ಬರೆದೆ. ಅವಳು ಸದಾ ಮುಚ್ಚಿದಳು. ನೀನು ತಂದ ಯಂತ್ರ ಹತ್ತು ವಾರ ಮುಚ್ಚಿದ ಡಬ್ಬದ ಹೊರಮೈಯನ್ನು ಬೇಯಿಸಿದೆ.

ಕಾಗದ ನನ್ನ ಕೈ ಸೇರಿದ್ದು ಏಪ್ರಿಲ್ ಇಪ್ಪತ್ತೆರಡಕ್ಕೆ. ಓದಿದ ಕ್ಷಣವೇ ಅರ್ಥವಾಯಿತು. ಇಪ್ಪತ್ತೈದು ದಿನ ಅದನ್ನು ಪಂಚಾಂಗದ ಕೆಳಗೆ ಇಟ್ಟಿದ್ದೆ. ಈಗಂತೂ ಲಕೋಟೆಯಲ್ಲಿ ಪಾಸಾಗುತ್ತಿದೆ, ಡಬ್ಬ ಅಟ್ಟ ಸೇರಿದೆ, ಕೆದಕಿ ಏನು ಬರುತ್ತದೆ ಎಂದುಕೊಂಡೆ. ನಿನಗೆ ಬೈಯುವುದು ಸುಲಭವಿತ್ತು. ಬೈದುಕೊಂಡೇ ಇದ್ದೆ.

ಕಳೆದ ವಾರ ನನ್ನ ಕೆಳದವಡೆಯ ಹಲ್ಲು ಸೀಳಿಹೋಯಿತು. ಗಟ್ಟಿಯಿದೆ ಎಂದು ಬರೆದವನ ಹಲ್ಲು. ನಿನ್ನ ಅಣ್ಣ ಇಲ್ಲಿಯ ಒಬ್ಬ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದ. ಕುರ್ಚಿ ಹಿಂದಕ್ಕೆ ಬಾಗಿತು. ಡಾಕ್ಟರ ಸಹಾಯಕಿ ಪಕ್ಕದ ಮೇಜಿನ ಮೇಲೆ ತಟ್ಟೆ ತಂದಿಟ್ಟಳು. ತಟ್ಟೆಯ ಮೇಲೆ ಬಟ್ಟೆ ಮುಚ್ಚಿತ್ತು. ಇದನ್ನು ಹೇಗೆ ಶುದ್ಧ ಮಾಡಿದ್ದೀರಿ, ಯಾವಾಗ ಪರೀಕ್ಷೆ ಮಾಡಿಸಿದ್ದೀರಿ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಬಾಯೊಳಗೆ ಹತ್ತಿ, ನೀರೆಳೆಯುವ ಕೊಳವೆ, ಇಬ್ಬರ ನಾಲ್ಕು ಕೈ. ಆ ಕುರ್ಚಿಯ ಪಕ್ಕದಲ್ಲಿ ನಲವತ್ತು ವರ್ಷ ನಿಂತಿದ್ದೇನೆ. ಮಲಗಿದವನಿಗೆ ಏನನ್ನೂ ಕೇಳಲು ಆಗುವುದಿಲ್ಲ ಎಂಬುದು ಅಲ್ಲಿ ಮಲಗಿದಾಗಲೇ ಗೊತ್ತಾಗಿದ್ದು.

ಯಾರಿಗೂ ನೆಗಡಿ ಕೂಡ ಬಂದಿಲ್ಲ ಎಂದು ಬರೆದಿದ್ದೆನಲ್ಲ. ಬಂತೇ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ನೂರಹನ್ನೆರಡು ಜನಕ್ಕೂ ಹೇಳು. ನನ್ನ ಚೀಟಿಯಿಂದ ಆದದ್ದು ಎಂದೇ ಹೇಳು. ಇಕ್ಕಳಮ್ಮನ ಮುಂದೆ ತಲೆ ಎತ್ತಲು ನನಗೆ ಸ್ವಲ್ಪ ದಿನ ಬೇಕು. ನೀನು ಕ್ಷಮೆ ಕೇಳುವಾಗ ನನ್ನ ಪಾಲಿನದ್ದನ್ನೂ ಕೇಳು.

ಅಪ್ಪ


ಜೂನ್ ೧೨

ಅಪ್ಪಾ,

ಇಪ್ಪತ್ತೈದು ದಿನ! ನಿಮ್ಮ ಕಾಗದ ಓದಿ ಸಿಟ್ಟಿನಲ್ಲಿ ಬರೆದ ಮೂರು ಉತ್ತರ ಹರಿದುಹಾಕಿದೆ. ಪಂಚಾಂಗದ ಕೆಳಗಂತೆ! ನನ್ನನ್ನು ನಾಚಿಕೆಯಾಗಬೇಕು ಎಂದು ಬೈದ ಮನುಷ್ಯ!

ನಾಲ್ಕನೆಯ ಉತ್ತರ ಇದು. ಇದಕ್ಕೆ ಸಿಟ್ಟು ಸ್ವಲ್ಪ ಕಡಿಮೆ. ಏಕೆಂದರೆ ನೀವು ಬೇಡ ಎಂದು ಬರೆದ ದಿನ ನನಗೆ ಹಾಯೆನಿಸಿತ್ತು. ಅಪ್ಪ ಬೇಡ ಅಂದರು ಎಂಬ ನೆಪದ ಹಿಂದೆ ನಾನೂ ಐದು ವಾರ ಅಡಗಿ ಕೂತಿದ್ದೆ. ಡಬ್ಬದ ಕಿಟಕಿಯ ಬಗ್ಗೆ ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದವಳು ನಾನು. ನಮ್ಮದೇ ಡಬ್ಬದ ಪಟ್ಟಿಯನ್ನು ಒಂದು ದಿನವೂ ಸರಿಸಿ ನೋಡಲಿಲ್ಲ. ಗೋಡೆಯ ಚೀಟಿಯನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೆ, ಓದಿರಲಿಲ್ಲ.

ಡಬ್ಬ ಇಳಿಸಿ ಎರಡು ಸಲ ಓಡಿಸಿದೆ. ಕಿಟಕಿ ಮುಚ್ಚಿ ಓಡಿಸಿದ್ದು ನಪಾಸು, ತೆರೆದು ಓಡಿಸಿದ್ದು ಪಾಸು. ವರದಿಯನ್ನು ಇಕ್ಕಳಮ್ಮನ ಮುಂದಿಟ್ಟು, ಅವಳನ್ನು ದೂರಿದ್ದಕ್ಕೆ ಕ್ಷಮೆ ಕೇಳಿದೆ, ನಿಮ್ಮ ಪಾಲಿನದ್ದನ್ನೂ ಸೇರಿಸಿ. ವರದಿಯನ್ನು ಎರಡು ಸಲ ಓದಿದಳು. ಆಮೇಲೆ, "ಹಾಗಾದ್ರೆ ಮುಚ್ಚಿದ್ದು ನಾನೇ ತಾನೇ?" ಅಂದಳು. ಅಲ್ಲ, ಅದು ನಮ್ಮಿಬ್ಬರ ತಪ್ಪು ಅಂದೆ. "ತಪ್ಪು ಯಾರದಾದ್ರೂ ಆಗ್ಲಿ, ಕೈ ನಂದು. ಫೋನು ಕೊಡು ಇಲ್ಲಿ" ಅಂದಳು.

ನೂರಹನ್ನೆರಡು ಜನಕ್ಕೂ ನಾವಿಬ್ಬರೇ ಫೋನು ಮಾಡಿದೆವು. ನಾನು ಬರೆದುಕೊಂಡು ಓದುತ್ತಿದ್ದೆ. ಅವಳದು ಬೇರೆ ದಾರಿ: "ನಾನು ಇಕ್ಕಳಮ್ಮ ಮಾತಾಡ್ತಿರೋದು. ನಮ್ಮ ಕಡೆ ಒಂದು ತಪ್ಪಾಗಿದೆ. ರಕ್ತ ಕೊಟ್ಟು ಹೋಗ್ಬೇಕು. ಇಲ್ಲ, ಹೆದರ್ಬೇಡಿ, ನಾನೂ ಕೊಟ್ಟಿದ್ದೀನಿ. ಬೈತೀರಾ? ಬೈರಿ, ಕೇಳಿಸ್ಕೊಳ್ತೀನಿ. ಆಯ್ತಾ? ನಾಳೆ ಬೆಳಿಗ್ಗೆ ಬನ್ನಿ." ನಾನು ಮಾತಾಡಿದವರಲ್ಲಿ ಒಂಬತ್ತು ಜನ ಇನ್ನು ನಮ್ಮ ಮೆಟ್ಟಿಲು ತುಳಿಯುವುದಿಲ್ಲ ಎಂದರು. ಅವಳು ಮಾತಾಡಿದವರಲ್ಲಿ ಒಬ್ಬರೂ ಹಾಗೆನ್ನಲಿಲ್ಲ. ಆರು ಜನ ಸಿಗಲೇ ಇಲ್ಲ. ತೊಂಬತ್ತೇಳು ಜನ ರಕ್ತ ಕೊಟ್ಟರು.

ತೊಂಬತ್ತಾರು ವರದಿಗಳಲ್ಲಿ ಏನೂ ಇಲ್ಲ. ಒಬ್ಬರಲ್ಲಿ ಕಾಮಾಲೆಯ ವೈರಸ್ಸು ಇದೆ. ಎದುರು ರಸ್ತೆಯ ಟೈಲರು.

ಈ ಹತ್ತು ವಾರದಲ್ಲಿ ತಗುಲಿದ್ದಲ್ಲ, ವರ್ಷಗಳ ಹಿಂದಿನದು ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಈಗಲಾದರೂ ಗೊತ್ತಾಯಿತು, ಯಕೃತ್ತು ಇನ್ನೂ ಚೆನ್ನಾಗಿದೆ, ಔಷಧದಿಂದ ಹಿಡಿತದಲ್ಲಿಡಬಹುದು ಎಂದೂ ಹೇಳಿದ್ದಾರೆ. ಅವರು ಇಪ್ಪತ್ತೆರಡು ವರ್ಷದಿಂದ ನಿಮ್ಮ ರೋಗಿ. ಬೇರೆ ಯಾವ ಡಾಕ್ಟರ ಹತ್ತಿರವೂ ಹೋದವರಲ್ಲ. ನಾನು ಏನೂ ಹೇಳುತ್ತಿಲ್ಲ ಅಪ್ಪಾ. ಗೊತ್ತಿರುವುದನ್ನು ಬರೆಯುತ್ತಿದ್ದೇನೆ.

ಅವರ ಹಲ್ಲು ಕಿತ್ತದ್ದು ಫೆಬ್ರವರಿ ಒಂಬತ್ತು. ಇಕ್ಕಳಮ್ಮನದು ಮರುದಿನ, ಹತ್ತು, ಬಹುಶಃ ಅದೇ ಉಪಕರಣಗಳಿಂದ. ಅವಳ ಮೊದಲ ವರದಿ ಸರಿಯಿದೆ. ತಗುಲಿದ್ದು ರಕ್ತದಲ್ಲಿ ಕಾಣಲು ತಿಂಗಳುಗಳೇ ಬೇಕಾಗಬಹುದು, ಆರು ತಿಂಗಳು ತುಂಬಿದ ಮೇಲೆ, ಆಗಸ್ಟಿನಲ್ಲಿ, ಮತ್ತೊಮ್ಮೆ ನೋಡಬೇಕು. ತಾರೀಕು ಲೆಕ್ಕ ಹಾಕಿದವಳು ಅವಳೇ. ಹಾಕಿ, ಕೈಗವಸು ತೊಟ್ಟುಕೊಂಡು ತೊಳೆಯುವ ಕೋಣೆಗೆ ಹೋದಳು.

ಈಗ ಹೊಸ ತಂಟೆ. ನಾಲ್ಕನೆಯ ಚೀಟಿ ಕಿತ್ತು ಹೊಸದನ್ನು ಬರೆದು ಅಂಟಿಸಿದೆ. ಮಧ್ಯಾಹ್ನ ನೋಡಿದರೆ ನನ್ನದು ಕಸದ ಬುಟ್ಟಿಯಲ್ಲಿ, ನಿಮ್ಮದು ಮತ್ತೆ ಗೋಡೆಯ ಮೇಲೆ. ಕೇಳಿದರೆ, "ಅದು ದೊಡ್ಡ ಡಾಕ್ಟ್ರು ಬರೆದಿದ್ದು. ಅವರೇ ತಪ್ಪು ಅಂತ ಬರೆದುಕೊಡ್ಲಿ, ತೆಗೀತೀನಿ" ಎನ್ನುತ್ತಾಳೆ. ಇಷ್ಟೆಲ್ಲ ಆದ ಮೇಲೂ! ನಿಮ್ಮಿಬ್ಬರ ನಡುವೆ ನನ್ನ ತಲೆ ಕೆಟ್ಟು ಹೋಗಿದೆ. ದಯವಿಟ್ಟು ಬರೆದು ಕಳಿಸಿ. ದೊಡ್ಡ ಅಕ್ಷರದಲ್ಲಿ.

ನಿಮ್ಮ ಮಗಳು


ಜೂನ್ ೧೮

ಮಗಳೇ,

ಚೀಟಿ ಕೆಳಗಿದೆ, ಕತ್ತರಿಸಿಕೋ.

ಅಂಟಿಸುವುದು ಬೇಡ. ಇಪ್ಪತ್ತೆಂಟಕ್ಕೆ ನಾನೇ ಬರುತ್ತಿದ್ದೇನೆ, ನಾನೇ ಅಂಟಿಸುತ್ತೇನೆ. ನಿನ್ನ ಅಣ್ಣ ಬೇಡ ಎಂದು ಕೂಗುತ್ತಿದ್ದಾನೆ, ನನಗೆ ಕೇಳಿಸುತ್ತಿಲ್ಲ. ಮೊದಲು ಟೈಲರ ಅಂಗಡಿಗೆ ಹೋಗುತ್ತೇನೆ. ನಿನ್ನ ಯಂತ್ರ ಬರುವ ಮೊದಲು ಅವರ ಬಾಯಿಗೆ ಬಳಸಿದ್ದನ್ನೆಲ್ಲ ನಾನು ಬರಿಯ ನೀರಿನಲ್ಲಿ ಕುದಿಸುತ್ತಿದ್ದೆ, ಒಂದು ಸಲವೂ ಪರೀಕ್ಷೆ ಮಾಡಿಸಲಿಲ್ಲ ಎಂದು ಹೇಳಬೇಕು. ನೀನು ಜೊತೆಯಲ್ಲಿ ಬಾ. ಅವರು ಏನು ಉತ್ತರ ಕೊಡುತ್ತಾರೋ, ಒಂದಕ್ಷರ ಬಿಡದೆ ಬರೆದು ನನಗೆ ತೋರಿಸು. ಮೆತ್ತಗೆ ಮಾಡಿ ಬರೆಯಬೇಡ.

ಆಗಸ್ಟಿನವರೆಗೆ ಅಲ್ಲೇ ಇರುತ್ತೇನೆ. ಇಕ್ಕಳಮ್ಮನಿಗೆ ಹೇಳು.

ಅಪ್ಪ

- - - - - - - - - - - -

ಡಬ್ಬದ ಕಿಟಕಿ
ಯಂತ್ರದೊಳಗೆ ಇಡುವಾಗ ತೆರೆದಿರಬೇಕು.
ಹೊರಗೆ ತೆಗೆದ ಕೂಡಲೇ ಮುಚ್ಚಬೇಕು.
ವಾರಕ್ಕೊಮ್ಮೆ ಪರೀಕ್ಷೆ. ವರದಿಯನ್ನು ಮುಂದಿನ ಮೇಜಿನ ಹತ್ತಿರ, ರೋಗಿಗಳಿಗೆ ಕಾಣುವಂತೆ ಅಂಟಿಸಬೇಕು. ಅವರು ಬಾಯಿ ತೆರೆಯುವ ಮೊದಲು.
ಹಿಂದಿನ ಚೀಟಿ ತಪ್ಪು. ಬರೆದವನು ನಾನು.